ಸಿಳ್ಳೆಯಣ್ಣನ ಐದು ಕಿಲೋ ಅತಿಮಧುರ

ಸಿಳ್ಳೆಯಣ್ಣ ಸತ್ತುಹೋದ. ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತನ್ನ ಹಿಟ್ಟಿನ ಗಿರಣಿಯ ಹೊಸ್ತಿಲಲ್ಲಿ ಕುಸಿದ. ಹನ್ನೊಂದೂಕಾಲಿಗೆ ಆಸ್ಪತ್ರೆಯಲ್ಲಿ ಜೀವ ಹೋಯಿತು. ಅರವತ್ತೊಂದು ವರ್ಷ.

ಎದುರು ಮನೆಯ ಮಹಡಿಯಿಂದ ಮೇಷ್ಟ್ರು ಇಳಿದು ಬಂದಾಗ ಅವನು ಹೊಸ್ತಿಲಿಗೆ ಅಡ್ಡಲಾಗಿ ಬಿದ್ದಿದ್ದ. ಪಕ್ಕದಲ್ಲಿ ಮೇಷ್ಟ್ರ ಮನೆಯದೇ ಗೋಧಿ ಹಿಟ್ಟಿನ ಡಬ್ಬ, ತುಂಬಿ, ಬಾಯಿ ತೆರೆದುಕೊಂಡು ಕೂತಿತ್ತು. ಆಗ ತಾನೇ ಬೀಸಿದ ಹಿಟ್ಟಿಗೆ ಮುಚ್ಚಳ ಹಾಕಿದರೆ ಅದು ಬೆವರುತ್ತದೆ, ಆರುವವರೆಗೆ ತೆರೆದಿಡಿ ಎಂದು ಅವನು ಮೂವತ್ತೈದು ವರ್ಷ ಬೀದಿಯವರಿಗೆಲ್ಲ ಹೇಳುತ್ತ ಬಂದಿದ್ದ. ಅವನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವಾಗ ಮೇಷ್ಟ್ರ ಒಂದು ಕೈ ಡಬ್ಬದೊಳಗೆ ಹೋಯಿತು. ಹಿಟ್ಟು ಇನ್ನೂ ಬಿಸಿಯಾಗಿತ್ತು. ಅವನ ಕೈ ಆಗಲೇ ತಣ್ಣಗಾಗುತ್ತಿತ್ತು.

ಗಿರಣಿಯವನಿಗೆ ಹಿಟ್ಟಿನ ಧೂಳಿನ ಎದೆರೋಗವಲ್ಲದೆ ಬೇರೆ ಯಾವ ಸಾವು ಬಂದೀತು ಎಂದು ಬೀದಿ ಅರ್ಧ ಗಂಟೆಯಲ್ಲೇ ತೀರ್ಮಾನ ಮಾಡಿಬಿಟ್ಟಿತ್ತು. ಮೇಷ್ಟ್ರೂ ಹಾಗೇ ಅಂದುಕೊಂಡಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ವೈದ್ಯೆ ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಲೆ ಅಲ್ಲಾಡಿಸಿದರು.

"ಇಷ್ಟು ವರ್ಷ ಹಿಟ್ಟಿನ ಧೂಳಲ್ಲಿ ಇದ್ದೋರ ಶ್ವಾಸಕೋಶ ಇದು ಅಂದ್ರೆ ನಂಬೋಕಾಗಲ್ಲ. ಪರವಾಗಿಲ್ಲ ಅನ್ನೋ ಹಾಗಿದೆ. ಇವರದು ನಿಂತಿದ್ದು ಉಸಿರಲ್ಲ, ಹೃದಯ."

"ಹೃದಯಾನಾ?" ಎಂದರು ಮೇಷ್ಟ್ರು.

"ರಕ್ತದಲ್ಲಿ ಪೊಟ್ಯಾಷಿಯಂ ಅಂತ ಒಂದು ಇರುತ್ತೆ. ಅದು ಇದ್ದರೇನೇ ಹೃದಯ ತಾಳ ತಪ್ಪದೆ ಬಡಿಯೋದು. ಇವರಿಗೆ ಇರಬೇಕಾದ್ದರಲ್ಲಿ ಅರ್ಧಾನೂ ಇರಲಿಲ್ಲ. ಕಾಲು ನೋಡಿದ್ರೆ ಊದಿದೆ. ಏನು ಔಷಧಿ ತಗೋತಿದ್ರು?"

ಸಿಳ್ಳೆಯಣ್ಣನ ಹೆಂಡತಿ ಸೆರಗಿಗೆ ಮೆತ್ತಿದ್ದ ಹಿಟ್ಟನ್ನು ಒಂದೇ ಸಮನೆ ಕೊಡವುತ್ತಿದ್ದರು. ಮೇಷ್ಟ್ರು ಅವರನ್ನು ಮೊದಲಿನಿಂದಲೂ ಅತ್ತಿಗೆ ಎಂದೇ ಕರೆಯುತ್ತಿದ್ದದ್ದು.

"ಔಷಧಿ ಅಂದ್ರೆ ಇವರಿಗೆ ಆಗ್ತಾನೇ ಇರಲಿಲ್ಲಮ್ಮ," ಎಂದರು ಅತ್ತಿಗೆ. "ಒಂದು ಗುಳಿಗೇನೂ ನುಂಗ್ತಿರಲಿಲ್ಲ. ಬರೀ ಬೇರು, ಸೊಪ್ಪು, ಶುಂಠಿ, ಜೇನು. ಒಳ್ಳೇದೇ ತಿಂತಿದ್ರು."

"ಯಾವ ಬೇರು?"

"ಅತಿಮಧುರ."

ವೈದ್ಯೆಯ ಪೆನ್ನು ಕಾಗದದ ಮೇಲೆ ನಿಂತಿತು. "ಅದು ಅತಿಯಾದ್ರೆ ಪೊಟ್ಯಾಷಿಯಂ ಬಸಿದು ಹೋಗುತ್ತೆ. ಎಷ್ಟು? ಎಷ್ಟು ದಿನದಿಂದ?"

ಅತ್ತಿಗೆ ಮೇಷ್ಟ್ರ ಮುಖ ನೋಡಿದರು. ಆ ಬೇರಿನ ಹೆಸರನ್ನು ಸಿಳ್ಳೆಯಣ್ಣನಿಗೆ ಹೇಳಿದವರು ಮೇಷ್ಟ್ರು. ಚೀಟಿ ಬರೆದುಕೊಟ್ಟವರು ಅವರು. ಆ ಚೀಟಿಯಲ್ಲಿ ಒಂದು ಸಾಲನ್ನು ಬೇಕೆಂದೇ ಬಿಟ್ಟವರೂ ಅವರು.

*

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಓದಿದವರು ಅನ್ನುವುದಕ್ಕಿಂತ, ಒಬ್ಬ ಓದಿದ, ಇನ್ನೊಬ್ಬ ಸಿಳ್ಳೆ ಹಾಕಿದ. ಪಾಠದ ನಡುವೆ ಸಿಳ್ಳೆ ಹಾಕಿದ್ದಕ್ಕೆ ವಾರಕ್ಕೆರಡು ಸಲ ಬೆಂಚಿನ ಮೇಲೆ ನಿಲ್ಲುತ್ತಿದ್ದವನು ಮುಂದೆ ಗಿರಣಿಯವನಾದ. ಪಕ್ಕದಲ್ಲಿ ಕೂತು ನಗುತ್ತಿದ್ದವನು ಅದೇ ಶಾಲೆಯಲ್ಲಿ ಮೇಷ್ಟ್ರಾಗಿ ನಿವೃತ್ತನಾದ. "ನನ್ನನ್ನ ನಿಲ್ಲಿಸಿ ನಿಲ್ಲಿಸಿ ಕಾಲು ಗಟ್ಟಿ ಮಾಡಿದ್ರು, ಅದಕ್ಕೇ ದಿನವಿಡೀ ನಿಂತು ದುಡೀತಿದೀನಿ. ನಿನ್ನನ್ನ ಕೂರಿಸಿ ಕೂರಿಸಿ ಕೆಡಿಸಿದ್ರು ಕಣೋ ಮೇಷ್ಟ್ರೇ," ಎನ್ನುತ್ತಿದ್ದ.

ಗಿರಣಿ ಎಂದರೆ ಒಂದೇ ಕೋಣೆ. ಒಳಗೆ ಮೋಟಾರು, ಅದರಿಂದ ಕಲ್ಲಿಗೆ ಓಡುವ ಅಗಲವಾದ ಬೆಲ್ಟು, ಮೇಲೆ ಕಾಳು ಸುರಿಯುವ ತಗಡಿನ ಬಾಯಿ, ಕೆಳಗೆ ಹಿಟ್ಟು ಬೀಳುವ ಬಟ್ಟೆಯ ತೋಳು. ಗೋಡೆ, ಸೂರು, ಬಲ್ಬು, ಜೇಡರ ಬಲೆ, ಎಲ್ಲಕ್ಕೂ ಒಂದೇ ಬಿಳಿ. ಸಿಳ್ಳೆಯಣ್ಣನ ಹುಬ್ಬಿಗೂ ಅದೇ ಬಿಳಿ. ಮೂವತ್ತನೇ ವಯಸ್ಸಿನಲ್ಲೇ ಮುದುಕನಂತೆ ಕಾಣುತ್ತಿದ್ದವನು ಅರವತ್ತಾದ ಮೇಲೂ ಅಷ್ಟೇ ಮುದುಕನಾಗಿದ್ದ.

ಹಿಟ್ಟು ಆಯಿತು ಎಂದು ಜನರನ್ನು ಕರೆಯುವುದೇ ಅಲ್ಲಿ ದೊಡ್ಡ ಕೆಲಸ. ಮೋಟಾರಿನ ಸದ್ದಿಗೆ ಕೂಗು ಕೇಳುತ್ತಿರಲಿಲ್ಲ. ಅದಕ್ಕೆ ಅವನು ಹೊಸ್ತಿಲಿಗೆ ಬಂದು, ಎರಡು ಬೆರಳು ನಾಲಿಗೆಯ ಕೆಳಗಿಟ್ಟು ಸಿಳ್ಳೆ ಹಾಕುತ್ತಿದ್ದ. ಒಂದೊಂದು ಮನೆಗೆ ಒಂದೊಂದು ಸಿಳ್ಳೆ. ದರ್ಜಿಯ ಮನೆಗೆ ಹೊಲಿಗೆ ಯಂತ್ರ ಓಡಿದ ಹಾಗೆ ಟರ್ರನೆ ಒಂದು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಮಲಗುವ ನರ್ಸಮ್ಮನಿಗೆ ಎಬ್ಬಿಸಿಯೂ ಎಬ್ಬಿಸದ ಹಾಗೆ ಮೆಲ್ಲಗೆ ಒಂದು. ಒಂದೇ ಮನೆಯನ್ನು ಎರಡು ಮಾಡಿಕೊಂಡಿದ್ದ ಓರಗಿತ್ತಿಯರಿಗೆ ಒಂದೇ ರಾಗ, ಒಬ್ಬಳಿಗೆ ಮೇಲಿನ ಸ್ವರದಲ್ಲಿ, ಇನ್ನೊಬ್ಬಳಿಗೆ ಕೆಳಗಿನದರಲ್ಲಿ. ತನಗೇಕೆ ಕೆಳಗಿನದು ಎಂದು ಕಿರಿಯವಳು ಒಂದು ವಾರ ಗಿರಣಿಗೇ ಬರಲಿಲ್ಲ.

ಮೇಷ್ಟ್ರ ಸಿಳ್ಳೆ ಎಲ್ಲಕ್ಕಿಂತ ಕಷ್ಟದ್ದು. ಎರಡು ಉದ್ದ, ಒಂದು ಗಿಡ್ಡ, ಆಮೇಲೆ ಪ್ರಶ್ನೆ ಕೇಳಿದ ಹಾಗೆ ಮೇಲಕ್ಕೆ ಹೋಗಿ ಮಾಯವಾಗುವ ಒಂದು ಸಣ್ಣ ಎಳೆ. "ಯಾವಾಗಲೂ ಪ್ರಶ್ನೆ ಕೇಳೋನಿಗೆ ಪ್ರಶ್ನೆಯದೇ ಸಿಳ್ಳೆ," ಎಂದಿದ್ದ.

ಎರಡು ವರ್ಷದ ಹಿಂದೆ ಕೆಮ್ಮು ಹಿಡಿಯಿತು. ಮೊದಲು ಬೆಳಿಗ್ಗೆ, ಆಮೇಲೆ ಮೆಟ್ಟಿಲು ಹತ್ತುವಾಗ, ಆಮೇಲೆ ಸುಮ್ಮನೆ ಕೂತಾಗಲೂ. ಉಸಿರು ಎಳೆದರೆ ಎದೆಯೊಳಗೆ ಬಾಗಿಲಿನ ಕೀಲು ಕಿರುಗುಟ್ಟಿದಂತೆ ಸದ್ದು. ಬೆರಳು ಬಾಯಿಗಿಟ್ಟು ಊದಿದರೆ ಬರೀ ಹುಸ್ ಎನ್ನುವ ಗಾಳಿ. ಬೇರೆ ದಾರಿಯಿಲ್ಲದೆ ಬಾಗಿಲಿಗೆ ಒಂದು ಕಬ್ಬಿಣದ ತುಂಡು ನೇತುಹಾಕಿ ಸುತ್ತಿಗೆಯಿಂದ ಬಡಿಯತೊಡಗಿದ. ಕಬ್ಬಿಣಕ್ಕೆ ಇದ್ದದ್ದು ಒಂದೇ ಸ್ವರ. ಬಡಿದರೆ ಇಡೀ ಬೀದಿ ಡಬ್ಬ ಹಿಡಿದು ಓಡಿ ಬರುತ್ತಿತ್ತು.

"ಯಾರದಣ್ಣಾ ಆಗಿದ್ದು?"

"ನರ್ಸಮ್ಮನ್ದು."

"ಹಾಗಾದ್ರೆ ನಮ್ಮನ್ನ ಯಾಕೆ ಕರೆದೆ?"

"ನಾನೆಲ್ಲಿ ಕರೆದೆ? ಕಬ್ಬಿಣ ಕರೀತು."

ನಗುತ್ತಲೇ ಹೇಳುತ್ತಿದ್ದ. ಆದರೆ ಬಡಿದ ಮೇಲೆ ಸುತ್ತಿಗೆಯನ್ನು ಕೆಳಗಿಡುವಾಗ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಸಿಳ್ಳೆಯಣ್ಣನಿಗೆ ಸಿಳ್ಳೆಯೇ ಇಲ್ಲ ಎಂದು ಮಕ್ಕಳು ಆಡಿಕೊಂಡರು.

ಎದೆಯ ವೈದ್ಯರು ಮೂರು ಮಾತು ಹೇಳಿ ಕಳಿಸಿದ್ದರು: ಮೂಗಿಗೆ ಬಟ್ಟೆ ಕಟ್ಟಿಕೋ, ಗೋಡೆಗೆ ಗಾಳಿ ಎಳೆಯುವ ಫ್ಯಾನು ಹಾಕಿಸು, ಈ ಗುಳಿಗೆಗಳನ್ನು ತಪ್ಪಿಸಬೇಡ. ಬಟ್ಟೆ ಕಟ್ಟಿದ. ಫ್ಯಾನು ಹಾಕಿಸಿದ. ಗುಳಿಗೆಯ ಡಬ್ಬಿಯೊಳಗೆ ಮಡಿಸಿಟ್ಟಿದ್ದ ಕಾಗದವನ್ನು ಮಾತ್ರ ಬಿಡಿಸಿ ಮೇಷ್ಟ್ರ ಕೈಗೆ ಕೊಟ್ಟು, "ಓದು," ಎಂದ. ಮೇಷ್ಟ್ರು ಒಂದಕ್ಷರ ಬಿಡದೆ ಓದಿದರು. ತಲೆಸುತ್ತು ಬರಬಹುದು, ಕೈ ನಡುಗಬಹುದು, ಎದೆ ಹೊಡೆದುಕೊಳ್ಳಬಹುದು. ಓದಿ ಮುಗಿಸುವ ಮೊದಲೇ ಸಿಳ್ಳೆಯಣ್ಣ ಡಬ್ಬಿಯನ್ನು ಚರಂಡಿಗೆ ಎಸೆದಿದ್ದ.

"ಇಷ್ಟೆಲ್ಲ ಆಗೋದಾದ್ರೆ ಕೆಮ್ಮೇ ವಾಸಿ ಮಾರಾಯ. ಅದಕ್ಕೆ ಒಂದೇ ಕಸುಬು."

ಅಲ್ಲಿಂದ ಅತ್ತಿಗೆ ಅಡುಗೆಮನೆಯಲ್ಲೇ ಆಸ್ಪತ್ರೆ ತೆರೆದರು. ಎದ್ದ ಕೂಡಲೇ ಬಿಸಿನೀರು, ಜಜ್ಜಿದ ಶುಂಠಿಯ ರಸಕ್ಕೆ ಜೇನು. ಸಾರಿಗೆ ಬೆಳ್ಳುಳ್ಳಿ, ಕಾಳುಮೆಣಸು. ಕರಿದದ್ದು, ತಣ್ಣನೆಯದು ಬಂದ್. ಸಂಜೆಗೆ ಪುದೀನ ಹಾಕಿ ಕುದಿಸಿದ ನೀರಿನ ಹಬೆ, ಕಂಬಳಿ ಹೊದ್ದು ಪಾತ್ರೆಯ ಮೇಲೆ ಬಾಗಿದವನು ಒಳಗಿನಿಂದಲೇ, "ಬೇಯ್ತೇನೇ ನಾನು? ಉಪ್ಪು ಹಾಕಿದೀಯಾ?" ಎಂದು ಕೇಳುತ್ತಿದ್ದ. ಆರು ತಿಂಗಳಲ್ಲಿ ಕೆಮ್ಮು ಅರ್ಧಕ್ಕರ್ಧ ಇಳಿಯಿತು. ಬಟ್ಟೆಯಿಂದಲೋ, ಫ್ಯಾನಿನಿಂದಲೋ, ಶುಂಠಿಯಿಂದಲೋ ಯಾರಿಗೆ ಗೊತ್ತು. ಸಿಳ್ಳೆ ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ಅವನೇ ಮಹಡಿ ಹತ್ತಿ ಬಂದ. ಹನ್ನೆರಡು ಮೆಟ್ಟಿಲಿಗೆ ಎರಡು ಕಡೆ ನಿಂತು ಬಂದ. ಪುಸ್ತಕಗಳ ನಡುವೆ ಕೂತು ಸುಧಾರಿಸಿಕೊಂಡು ಹೇಳಿದ: "ಇಷ್ಟೊಂದು ಓದ್ತೀಯಲ್ಲ, ಇದರಲ್ಲಿ ಎಲ್ಲಾದ್ರೂ ನನ್ನ ಗಂಟಲಿಗೆ ಏನಾದ್ರೂ ಬರೆದಿದೆಯಾ ನೋಡೋ. ಬದುಕೋಕೆ ಇಷ್ಟು ಉಸಿರು ಸಾಕು. ಸಿಳ್ಳೆಗೆ ಸಾಲ್ದು."

ಮೇಷ್ಟ್ರು ಒಂದು ಹಳೆಯ ಗಿಡಮೂಲಿಕೆ ಪುಸ್ತಕ ಹುಡುಕಿ ತೆಗೆದರು. ಅತಿಮಧುರದ ಬೇರು, ಕೆಮ್ಮಿಗೂ ಒಣಗಿದ ಗಂಟಲಿಗೂ ಹಿತ. ಕಿರುಬೆರಳಿನ ಒಂದು ಗೆಣ್ಣಿನಷ್ಟು ಕೆತ್ತಿ, ನೀರಲ್ಲಿ ಕುದಿಸಿ, ದಿನಕ್ಕೊಮ್ಮೆ, ಹತ್ತು ದಿನ. ಅದರ ಕೆಳಗೆ ಇನ್ನೊಂದು ಸಾಲಿತ್ತು: ಹೆಚ್ಚು ದಿನ ಬಳಸಿದರೆ ಕಾಲು ಊದುವುದು, ರಕ್ತದ ಒತ್ತಡ ಏರುವುದು, ಹೃದಯಕ್ಕೆ ಕೇಡು. ಮೇಷ್ಟ್ರು ಮೇಲಿನದನ್ನು ಚೀಟಿಯಲ್ಲಿ ದುಂಡಗೆ ಬರೆದರು. ಕೆಳಗಿನದಕ್ಕೆ ಬಂದಾಗ ಚರಂಡಿಗೆ ಬಿದ್ದ ಡಬ್ಬಿ ನೆನಪಾಯಿತು. ಹತ್ತೇ ದಿನ ತಾನೇ, ಸುಮ್ಮನೆ ಯಾಕೆ ಹೆದರಿಸಬೇಕು ಎಂದು ಪೆನ್ನಿಗೆ ಮುಚ್ಚಳ ಹಾಕಿದರು.

ಬೇರೆ ಯಾರೇ ಆಗಿದ್ದರೂ ಬೇರು-ನಾರು ಮಾರುವ ಗ್ರಂಥಿಗೆ ಅಂಗಡಿಗೆ ಹೋಗಿ ಒಂದು ಕಡ್ಡಿ ಬೇರು ತಂದು ಚಾಕುವಿನಿಂದ ಕೆತ್ತುತ್ತಿದ್ದರು. ಸಿಳ್ಳೆಯಣ್ಣ ಗಿರಣಿಯವನು. ಚಾಕು ಹಿಡಿದು ಬೇರು ಕೆತ್ತುತ್ತ ಕೂರುವುದು ಅವನಿಗೆ ಬಡಗಿ ಹಲ್ಲಿನಿಂದ ಮರ ಕಡಿದಂತೆ ಕಂಡಿತು. ಕಲ್ಲಿರುವುದು ಯಾಕೆ? ಆದರೆ ಕಲ್ಲಿಗೆ ಅದರದೇ ಕಟ್ಟಳೆ. ಐದು ಕಿಲೋಗಿಂತ ಕಡಿಮೆ ಸುರಿದು ಓಡಿಸಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಮೂರು ಕಿಲೋ ತಂದವರನ್ನು ಅವನು ಎಷ್ಟೋ ಸಲ, ಪಕ್ಕದ ಮನೆಯವರದ್ದೂ ಸೇರಿಸಿ ತನ್ನಿ ಎಂದು ವಾಪಸು ಕಳಿಸಿದ್ದ.

"ಐದು ಕಿಲೋನಾ?" ಗ್ರಂಥಿಗೆ ಅಂಗಡಿಯ ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. "ಕೆಮ್ಮು ನಿನಗೋ, ಆನೆಗೋ?"

"ಗಿರಣಿಗೆ ಅಜ್ಜಿ. ಬೀಸೋದಕ್ಕೆ."

ಗಿರಾಕಿಗಳಿಗೆಲ್ಲ ಹಂಚಿ ಮಾರಲು ಎಂದು ಅಜ್ಜಿ ತಿಳಿದಳು. ಹಂಚಿದ್ದರೆ ಅವನು ಉಳಿಯುತ್ತಿದ್ದನೇನೋ.

ಬೇರನ್ನು ಒಣಗಿಸಿ, ಕುಟ್ಟಿ, ಕಲ್ಲಿಗೆ ಸುರಿದ. ಹಳದಿ ಬಣ್ಣದ ಹಿಟ್ಟು ಒಂದು ಡಬ್ಬದ ತುಂಬ ಬಂತು. ಅಲ್ಲಿಗೆ ಅವನ ಕಸುಬಿನ ಇನ್ನೊಂದು ಕಟ್ಟಳೆ ಎದ್ದು ನಿಂತಿತು. ಕಾಳು ವರ್ಷ ಕಾಯುತ್ತದೆ, ಹಿಟ್ಟು ಕಾಯುವುದಿಲ್ಲ. ಬೀಸಿದ್ದನ್ನು ಹುಳ ಬೀಳುವ ಮೊದಲು ತಿಂದು ಮುಗಿಸಬೇಕು. ಅದೇ ಮಾತನ್ನು ಮೂವತ್ತೈದು ವರ್ಷ ಊರಿಗೆ ಹೇಳಿದವನು ತಾನೇ ಮೀರುವುದುಂಟೆ? ಬೆಳಿಗ್ಗೆ ಹಾಲಿಗೆ ದೊಡ್ಡ ಚಮಚದಲ್ಲಿ ಎರಡು, ಮಧ್ಯಾಹ್ನ ನೀರಿಗೆ ಒಂದು, ರಾತ್ರಿ ಗಂಜಿಗೆ ಎರಡು. ಹತ್ತು ದಿನ ಕಳೆಯಿತು. ಡಬ್ಬ ಇನ್ನೂ ಕುತ್ತಿಗೆಯವರೆಗೆ ತುಂಬಿತ್ತು. ಮೇಷ್ಟ್ರ ಚೀಟಿಯನ್ನು ಅದೇ ಡಬ್ಬಕ್ಕೆ ದಾರದಿಂದ ಕಟ್ಟಿದ್ದ, ಚೀಲಗಳಿಗೆ ಗಿರಾಕಿಗಳ ಹೆಸರು ಕಟ್ಟುವ ಹಾಗೆ. ಹಿಟ್ಟು ಮೆತ್ತಿ ಮೆತ್ತಿ ಆ ಚೀಟಿಯ ಅಕ್ಷರ ಮುಚ್ಚಿಹೋಯಿತು.

ಮೇಷ್ಟ್ರು ಆ ಡಬ್ಬವನ್ನು ಕಂಡಿರಲಿಲ್ಲವೇ? ಕಂಡಿದ್ದರು. ಗಿರಣಿಯಲ್ಲಿ ನಲವತ್ತು ಡಬ್ಬಗಳಿದ್ದವು, ಅದು ನಲವತ್ತೊಂದನೆಯದು.

ಅಲ್ಲದೆ, ಸಿಳ್ಳೆ ಬರತೊಡಗಿತ್ತು. ಎರಡನೇ ತಿಂಗಳಲ್ಲಿ ದರ್ಜಿಯ ಟರ್ರ್ ಬಂತು. ದರ್ಜಿ ಹೊಲಿಯುತ್ತಿದ್ದ ಅಂಗಿಯನ್ನು ಹೆಗಲಿಗೆ ಹಾಕಿಕೊಂಡೇ ಓಡಿ ಬಂದು ಅವನನ್ನು ತಬ್ಬಿಕೊಂಡ. ಯಾರದೋ ಹೊಸ ಅಂಗಿಗೆಲ್ಲ ಹಿಟ್ಟಾಯಿತು. ಮೂರನೇ ತಿಂಗಳಲ್ಲಿ ನರ್ಸಮ್ಮನದು, ಓರಗಿತ್ತಿಯರದು. ಕಬ್ಬಿಣದ ತುಂಡನ್ನು ಬಿಚ್ಚಿ ಗುಜರಿಗೆ ಹಾಕಿದ. ಮೇಷ್ಟ್ರದು ಮಾತ್ರ ಅರ್ಧ ಬರುತ್ತಿತ್ತು. ಎರಡು ಉದ್ದ, ಒಂದು ಗಿಡ್ಡ, ಆಮೇಲೆ ಗಾಳಿ.

"ಕೊನೇದು ಎಲ್ಲೋ?" ಎಂದು ಮೇಷ್ಟ್ರು ಕಿಟಕಿಯಿಂದ ಕೇಳುತ್ತಿದ್ದರು.

"ಬೀಸ್ತಾ ಇದೀನಿ, ತಡಿಯೋ!"

ಆ ದಿನಗಳಲ್ಲೇ ಅವನು ಚಪ್ಪಲಿಯ ಪಟ್ಟಿಯನ್ನು ಒಂದು ತೂತು ಸಡಿಲ ಮಾಡಿದ್ದು. ಆಮೇಲೆ ಇನ್ನೊಂದು ತೂತು. ತಲೆನೋವು ಎಂದು ಹಣೆಗೆ ಬಟ್ಟೆ ಬಿಗಿದುಕೊಂಡದ್ದು. ಒಂದೇ ಕೈಯಲ್ಲಿ ಚೀಲ ಎತ್ತುತ್ತಿದ್ದವನು ಎರಡು ಕೈ ಹಾಕಿದರೂ ತೊಡೆ ಸೆಟೆದು ಕೂತುಬಿಟ್ಟದ್ದು. "ವಯಸ್ಸಾಯ್ತಲ್ಲೋ ನಿಂಗೆ," ಎಂದು ಮೇಷ್ಟ್ರು ಹಾಸ್ಯ ಮಾಡಿದ್ದರು. ಊದಿದ ಕಾಲನ್ನು ಅವರೇ ಬೆರಳಿನಿಂದ ಒತ್ತಿ, ಗುಳಿ ಬಿದ್ದದ್ದನ್ನು ನೋಡಿ, "ನಿಂತು ನಿಂತು ಹೀಗಾಗಿದೆ, ಬೆಂಚು ನೆನಪಾಗ್ತಿರಬೇಕು ಕಾಲಿಗೆ," ಎಂದಿದ್ದರು. ಪುಸ್ತಕದ ಆ ಸಾಲನ್ನು ಓದಿದ ಕಣ್ಣೇ ಆ ಕಾಲನ್ನೂ ನೋಡಿತ್ತು. ಎರಡೂ ಒಂದಕ್ಕೊಂದು ಸೇರಲೇ ಇಲ್ಲ.

*

ಮಣ್ಣು ಮಾಡಿ ಬಂದ ಮೂರನೆಯ ದಿನ ಮೇಷ್ಟ್ರು ಗಿರಣಿಗೆ ಹೋದರು. ಅತ್ತಿಗೆ ಒಳಗಿದ್ದರು. ಕಲ್ಲಿನ ಮೇಲೆ ಯಾರೂ ಕೈ ಇಡದ ಧೂಳು, ಆರಿಹೋದ ಹಿಟ್ಟಿನ ವಾಸನೆ. ಮೂಲೆಯಲ್ಲಿ ಆ ಡಬ್ಬ. ಮೇಷ್ಟ್ರು ಮುಚ್ಚಳ ತೆಗೆದರು. ತಳದಲ್ಲಿ ಎರಡು ಹಿಡಿಯಷ್ಟು ಉಳಿದಿತ್ತು. ನಾಲ್ಕು ತಿಂಗಳಲ್ಲಿ ಐದು ಕಿಲೋ! ಅವರು ಮೇಷ್ಟ್ರು, ಲೆಕ್ಕ ತಾನಾಗಿಯೇ ತಲೆಯಲ್ಲಿ ಓಡಿತು, ಬೇಡವೆಂದರೂ ನಿಲ್ಲಲಿಲ್ಲ. ದಿನಕ್ಕೆ ನಲವತ್ತು ಗ್ರಾಂ. ಕಿರುಬೆರಳಿನ ಒಂದು ಗೆಣ್ಣಲ್ಲ, ಒಂದು ಹಿಡಿ ಬೇರು. ಅವರಿಗೆ ಕೂರಬೇಕೆನಿಸಿತು. ಕೂರಲು ಇದ್ದದ್ದು ಅವನ ಮಣೆ ಒಂದೇ. ನಿಂತೇ ಇದ್ದರು.

"ಬೇರೆ ಯಾರಿಗಾದ್ರೂ ಕೊಟ್ಟಿದ್ನಾ ಅತ್ತಿಗೆ?"

"ಇಲ್ಲ. ನಾನೊಂದು ಸಲ ನಾಲಿಗೆಗೆ ಹಚ್ಕೊಂಡು ಉಗಿದೆ, ಅಷ್ಟು ಸಿಹಿ. ಕೆಮ್ಮಿಲ್ದೋರಿಗೆ ಯಾಕೆ ಅಂದ್ರು." ಅತ್ತಿಗೆ ಡಬ್ಬವನ್ನೇ ನೋಡುತ್ತಿದ್ದರು. "ಜೀವಮಾನದಲ್ಲಿ ಯಾರಿಗೂ ಕೊಡದೆ ಅವರೊಬ್ಬರೇ ತಿಂದಿದ್ದು ಇದೊಂದೇ ಮೇಷ್ಟ್ರೇ."

ಮೇಷ್ಟ್ರು ಬಗಲಲ್ಲಿದ್ದ ಪುಸ್ತಕ ತೆಗೆದು, ಪುಟ ಬಿಡಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. "ಇದನ್ನ ನಾನು ಬರೀಲಿಲ್ಲ. ಹೆದರಿ ಇದನ್ನೂ ಎಸೀತಾನೆ ಅಂತ ಬರೀಲಿಲ್ಲ."

ಅತ್ತಿಗೆ ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಹಿಡಿದು, ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತ ನಿಂತಿದ್ದರು. ಅದನ್ನು ಹೊಲಿದಿದ್ದು ಅವರೇ.

"ಬರೆದಿದ್ರೆ ಎಸೀತಿದ್ರು," ಎಂದರು ಕೊನೆಗೆ. "ಖಂಡಿತ ಎಸೀತಿದ್ರು. ಎಸೆದಿದ್ರೆ ಇವತ್ತು ಕೆಮ್ಕೊಂಡು ಇಲ್ಲೇ ಕೂತಿರ್ತಿದ್ರು. ಬರೀಬೇಕಿತ್ತು ಮೇಷ್ಟ್ರೇ."

"ಹೌದು ಅತ್ತಿಗೆ."

"ಸಮಾಧಾನಕ್ಕೆ ಬೇರೆ ಏನಾದ್ರೂ ಹೇಳೋಣ ಅಂದ್ರೆ ನನಗೆ ಬರ್ತಾ ಇಲ್ಲ."

"ಬೇಡ."

ಹೊರಗೆ ಓರಗಿತ್ತಿಯರಲ್ಲಿ ಒಬ್ಬಳು ಡಬ್ಬ ಹಿಡಿದು ಬಂದವಳು ಬಾಗಿಲಲ್ಲಿ ಇವರನ್ನು ನೋಡಿ, ನೆನಪಾಗಿ, ಹಾಗೇ ತಿರುಗಿ ಹೋದಳು. ಅವಳು ಹೋದ ಮೇಲೆ ಅತ್ತಿಗೆ ಕೇಳಿದರು: "ಆವತ್ತು ನಾನು ಹಿಂದುಗಡೆ ನಲ್ಲಿ ಬಿಟ್ಟು ಪಾತ್ರೆ ತೊಳೀತಿದ್ದೆ. ನನಗೇನೂ ಕೇಳಿಸಲಿಲ್ಲ. ನಿಮ್ಮನ್ನ ಕರೆದ್ರಾ ಅವರು?"

"ಕರೆದ."

"ಕೊನೇದು ಬಂತಾ?"

ಬಂತು ಎಂದು ಮೇಷ್ಟ್ರು ತಲೆಯಾಡಿಸಿದರು.

*

ಆ ಮಂಗಳವಾರ ಅವನು ಎಂಟಕ್ಕೆ ಗಿರಣಿ ತೆರೆದಿದ್ದ. ಹಾಲಿಗೆ ಎರಡು ಚಮಚ ಹಾಕಿ ಕುಡಿದು, ಲೋಟವನ್ನು ಕಿಟಕಿಯಲ್ಲಿಟ್ಟಿದ್ದ. ಮೊದಲು ದರ್ಜಿಯ ಜೋಳ, ಆಮೇಲೆ ನರ್ಸಮ್ಮನ ಅಕ್ಕಿ. ಎರಡೂ ಮನೆಗೆ ಸಿಳ್ಳೆ ಹೋಯಿತು, ಇಬ್ಬರೂ ಬಂದು ಒಯ್ದರು. ಕೈಯಲ್ಲಿ ಶಕ್ತಿಯೇ ಇಲ್ಲ, ಎದೆಯಲ್ಲಿ ಗುಬ್ಬಿ ಪಟಪಟ ಅಂದ ಹಾಗಾಗುತ್ತೆ ಎಂದು ಅವನು ನರ್ಸಮ್ಮನ ಹತ್ತಿರ ಹೇಳಿದನಂತೆ. ಇವತ್ತೇ ಆಸ್ಪತ್ರೆಗೆ ಬನ್ನಿ ಎಂದಳಂತೆ ಅವಳು. ಮೇಷ್ಟ್ರ ಗೋಧಿ ಒಂದು ಮುಗಿಸಿ ಬರ್ತೀನಿ ತಾಯಿ ಎಂದನಂತೆ.

ಗೋಧಿ ಸುರಿದ. ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದ. ಸ್ವಲ್ಪ ತರಿ ಅನ್ನಿಸಿರಬೇಕು, ಕಲ್ಲು ಬಿಗಿ ಮಾಡಿ ಇನ್ನೊಮ್ಮೆ ಬೀಸಿದ. ಮೇಷ್ಟ್ರ ಹಲ್ಲು ಅಷ್ಟಕ್ಕಷ್ಟೇ ಎಂದು ಅವನಿಗೆ ಗೊತ್ತಿತ್ತು. ಮೋಟಾರು ನಿಲ್ಲಿಸಿದ. ಮೂಗಿನ ಬಟ್ಟೆ ಕೆಳಗಿಳಿಸಿದ. ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ ತಂದು ಹೊಸ್ತಿಲಲ್ಲಿಟ್ಟು, ಮುಚ್ಚಳ ಹಾಕದೆ ಬಿಟ್ಟ.

ಮಹಡಿಯ ಮೇಲೆ ಮೇಷ್ಟ್ರು ಓದುತ್ತಿದ್ದರು. ಪುಟದಲ್ಲಿ ಇನ್ನು ಎಂಟು ಸಾಲಿತ್ತು.

ಸಿಳ್ಳೆಯಣ್ಣ ಎರಡು ಬೆರಳನ್ನು ಅಂಗಿಗೆ ಒರೆಸಿಕೊಂಡು ನಾಲಿಗೆಯ ಕೆಳಗಿಟ್ಟ. ಎದುರಿನ ಕಿಟಕಿಯತ್ತ ಮುಖ ಎತ್ತಿ, ಎದೆ ತುಂಬ ಉಸಿರೆಳೆದು ಊದಿದ. ಎರಡು ಉದ್ದ. ಒಂದು ಗಿಡ್ಡ. ಆಮೇಲೆ, ಎರಡು ವರ್ಷದ ಮೇಲೆ ಮೊದಲ ಸಲ, ಎಲ್ಲೂ ಕಡಿಯದೆ, ಪ್ರಶ್ನೆ ಕೇಳಿದ ಹಾಗೆ ಮೇಲಕ್ಕೆ ಹೋಗುವ ಆ ಸಣ್ಣ ಎಳೆ.